ಲಿಂಟ್‌ಗೆ ಪಾಳಿ ಹಾಕಬೇಡಿ

1/10

ಈ ಸಲ ಫಾಲ್ ಸೆಮಿಸ್ಟರ್‌ಗೆ ಅಮೆರಿಕಕ್ಕೆ ಬರ್ತಿರೋ ಜೂನಿಯರ್‌ಗಳಿಗೆ, ಮತ್ತೆ ಈಗಾಗಲೇ ಇಲ್ಲಿ ನಾಲ್ಕೈದು ಜನ ಸೇರಿ ಮನೆ ಮಾಡಿಕೊಂಡಿರೋ ನಮ್ಮ ಬ್ಯಾಚ್‌ನವರಿಗೆ ಈ ಸರಣಿ. ಕುಕ್ಕರ್ ತರಬೇಕಾ ಬೇಡ್ವಾ, ಯಾವ ಸಿಮ್ ತಗೋಬೇಕು, ಜಾಕೆಟ್ ಅಲ್ಲೇ ಕೊಳ್ಳೋದಾ ಇಲ್ಲಿಗೆ ಬಂದು ಕೊಳ್ಳೋದಾ ಅಂತೆಲ್ಲ ಸೀನಿಯರ್‌ಗಳು ಬರೆದಾಗಿದೆ. ನಾನು ಬರೀತಿರೋದು ಬಟ್ಟೆ ಒಣಗಿಸೋ ಡ್ರೈಯರ್ ಒಳಗಿರೋ ಲಿಂಟ್ ಫಿಲ್ಟರ್ ಬಗ್ಗೆ.

ಮೊದಲ ಫೋಟೋ ನೋಡಿ. ಬೂದುಬಣ್ಣದ ಕಂಬಳಿ ಚೂರಿನ ಥರ ಕಾಣ್ತಿದೆಯಲ್ಲ, ಅದು ಒಂದೇ ಒಂದು ಲೋಡ್ ಟವೆಲ್ ಮತ್ತು ಬೆಡ್‌ಶೀಟ್ ಒಣಗಿಸಿದ ಮೇಲೆ ಜಾಲರಿಯಿಂದ ಎಬ್ಬಿಸಿದ ಜುಂಗು. ನಮ್ಮ ಬಟ್ಟೆಗಳೇ ಉದುರಿಸಿದ ನೂಲಿನ ಎಳೆ, ಕೂದಲು, ಧೂಳು. ಇಲ್ಲಿ ಇದಕ್ಕೆ ಲಿಂಟ್ ಅಂತಾರೆ.

ನನ್ನ ವಾದ ಏನು ಅಂತ ಮೊದಲೇ ಹೇಳಿಬಿಡ್ತೀನಿ. ಈ ಜಾಲರಿ ಕ್ಲೀನ್ ಮಾಡೋದು ಮನೆಗೆಲಸದ ಪಾಳಿ ಪಟ್ಟಿಯಲ್ಲಿ ಇರಬಾರದು. "ಈ ವಾರ ನಿಂದು, ಮುಂದಿನ ವಾರ ನಂದು" ಅನ್ನೋ ಲೆಕ್ಕ ಪಾತ್ರೆಗೆ ಸರಿ, ಕಸಕ್ಕೆ ಸರಿ, ಬಾತ್‌ರೂಮಿಗೂ ಸರಿ. ಲಿಂಟ್‌ಗೆ ಸರಿಯಲ್ಲ. ಯಾರ ಬಟ್ಟೆ ಒಣಗಿ ಹೊರಗೆ ಬಂತೋ ಅವರ ಕೈಯೇ ಜಾಲರಿಗೆ ಹೋಗಬೇಕು. ಪ್ರತಿ ಸಲ. ಆವಾಗಲೇ.

"ಇಷ್ಟು ಚಿಕ್ಕ ವಿಷಯಕ್ಕೆ ಹತ್ತು ಪೋಸ್ಟಾ ಗುರು?" ಅಂತ ಕೇಳೋರು ಕೊನೆವರೆಗೂ ಓದಿ. ಇದರಲ್ಲಿ ಬೆಂಕಿ ಇದೆ, ದುಡ್ಡಿದೆ, ಒಂದೇ ಸೂರಿನಡಿ ಇರೋರು ಒಬ್ಬರಿಗೊಬ್ಬರು ಏನು ಕೊಡಬೇಕು ಅನ್ನೋ ಲೆಕ್ಕವೂ ಇದೆ.

2/10

ನಮಗೆ ಇದು ಗೊತ್ತಿಲ್ಲದೇ ಇರೋಕೆ ಕಾರಣ ನಮ್ಮ ಬಿಸಿಲು. ಊರಲ್ಲಿ ಬಟ್ಟೆ ಒಣಗೋದು ಮಹಡಿ ಮೇಲೆ, ತಂತಿ ಮೇಲೆ, ಬಾಲ್ಕನಿಯ ಸ್ಟ್ಯಾಂಡ್ ಮೇಲೆ. ಉದುರಿದ ಎಳೆ ಗಾಳಿಗೆ ಹೋಯ್ತು, ಯಾರೂ ಲೆಕ್ಕ ಇಡಲಿಲ್ಲ. ಟಾಪ್ ಲೋಡ್ ವಾಷಿಂಗ್ ಮಷಿನ್ ಇರೋ ಮನೆಯಲ್ಲಿ ಡ್ರಮ್ ಒಳಗೊಂದು ಪುಟ್ಟ ಜಾಲರಿ ಚೀಲ ಇರುತ್ತೆ. ಅದನ್ನ ಅಮ್ಮ ಯಾವಾಗ ಖಾಲಿ ಮಾಡ್ತಾರೆ ಅಂತ ನಮ್ಮಲ್ಲಿ ಎಷ್ಟು ಜನ ನೋಡಿದೀವಿ?

ಇಲ್ಲಿ ಕಥೆ ಬೇರೆ. ತುಂಬಾ ಅಪಾರ್ಟ್‌ಮೆಂಟ್‌ಗಳ ಲೀಸ್‌ನಲ್ಲೇ ಬಾಲ್ಕನಿಯಲ್ಲಿ ಬಟ್ಟೆ ಹರವಬಾರದು ಅಂತ ಬರೆದಿರುತ್ತೆ. ಉತ್ತರದ ರಾಜ್ಯಗಳಲ್ಲಿ ಜನವರಿಯಲ್ಲಿ ಹೊರಗೆ ಹಾಕಿದ ಒದ್ದೆ ಜೀನ್ಸ್ ಹಲಗೆ ಥರ ಸೆಟೆದು ನಿಲ್ಲುತ್ತೆ. ಹಾಗಾಗಿ ವಾಷರ್ ಪಕ್ಕದಲ್ಲಿ ಡ್ರೈಯರ್ ಇಲ್ಲಿನ ಮನೆಗಳಲ್ಲಿ ಮಾಮೂಲಿ.

ಮಲೆನಾಡಿನ ಕಡೆಯವರಿಗೆ ಒಂದು ಹೋಲಿಕೆ ಕೊಡ್ತೀನಿ. ಆಷಾಢದ ಮಳೆ ಹಿಡಿದರೆ ಬಿಡಲ್ಲ, ಆವಾಗ ಬಚ್ಚಲ ಒಲೆ ಹತ್ತಿರ ಬಿದಿರ ಗಳ ಕಟ್ಟಿ ಬಟ್ಟೆ ಹರವ್ತಾರಲ್ಲ. ಹೊಗೆ ವಾಸನೆ ಹಿಡಿದರೂ ಪರವಾಗಿಲ್ಲ, ಒಣಗಿದರೆ ಸಾಕು ಅಂತ. ಅಲ್ಲಿ ಒಲೆ ಕಣ್ಣೆದುರಿಗೇ ಇರುತ್ತೆ. ಸೀರೆ ಸೆರಗು ಜಾರಿ ಉರಿ ಹತ್ತಿರ ಬಂತು ಅಂದರೆ ಅಡುಗೆಮನೆಯಿಂದಲೋ ಜಗಲಿಯಿಂದಲೋ ಯಾರಾದರೂ ಕೂಗ್ತಾರೆ. ಬೆಂಕಿ ಇದೆ ಅಂತ ಮನೆಯ ಎಲ್ಲರಿಗೂ ಗೊತ್ತು, ಹಾಗಾಗಿ ಎಲ್ಲರ ಕಣ್ಣೂ ಆ ಕಡೆ.

ಡ್ರೈಯರ್ ಮಾಡೋದೂ ಅದೇ ಕೆಲಸ. ಆದರೆ ಒಲೆಯನ್ನ ಬಿಳಿ ಡಬ್ಬಿಯೊಳಗೆ ಮುಚ್ಚಿಟ್ಟಿದೆ. ಬಟನ್ ಒತ್ತಿ ಕ್ಲಾಸಿಗೆ ಹೋಗಿಬಿಡ್ತೀವಿ. ಕಾಣದ ಒಲೆಗೆ ಕಾವಲು ಯಾರು ಅನ್ನೋದೇ ನನ್ನ ಪ್ರಶ್ನೆ.

3/10

ಒಳಗೆ ಏನಾಗುತ್ತೆ ಅಂತ ತಿಳ್ಕೊಂಡರೆ ಮಿಕ್ಕಿದ್ದೆಲ್ಲ ಸುಲಭ.

ಡ್ರೈಯರ್ ಮನೆಯೊಳಗಿನ ಗಾಳಿಯನ್ನ ಎಳ್ಕೊಳ್ಳುತ್ತೆ. ಆ ಗಾಳಿ ಹೀಟರ್ ಕಾಯಿಲ್ ಮೇಲೆ, ಗ್ಯಾಸ್ ಡ್ರೈಯರ್ ಆದರೆ ಉರಿಯ ಮೇಲೆ ಹಾದು ಕಾಯುತ್ತೆ. ಕಾದ ಗಾಳಿ ತಿರುಗೋ ಡ್ರಮ್‌ನಲ್ಲಿ ಬಟ್ಟೆಗಳ ಮಧ್ಯೆ ನುಗ್ಗಿ ತೇವ ಹೀರುತ್ತೆ, ಜೊತೆಗೆ ಸಡಿಲಾದ ಎಳೆಗಳನ್ನೂ ಹೊತ್ತುಕೊಳ್ಳುತ್ತೆ. ಹೊರಗೆ ಹೋಗೋ ದಾರಿಯಲ್ಲಿ ಟೀ ಸೋಸೋ ಜಾಲರಿ ಥರ ಒಂದು ಜಾಲರಿ. ಎಳೆ ಅಲ್ಲಿ ನಿಲ್ಲುತ್ತೆ. ಗಾಳಿ ಮುಂದೆ ಹೋಗಿ ಡಕ್ಟ್ ಮೂಲಕ ಮನೆಯಿಂದ ಹೊರಗೆ ಬೀಳುತ್ತೆ.

ಎಲೆಕ್ಟ್ರಿಕ್ ಡ್ರೈಯರ್ ಇಲ್ಲಿ 240 ವೋಲ್ಟ್‌ನ ಪ್ರತ್ಯೇಕ ಸಾಕೆಟ್‌ನಲ್ಲಿ ಓಡುತ್ತೆ, ಸಾಮಾನ್ಯವಾಗಿ 5 ಕಿಲೋವ್ಯಾಟ್ ಆಸುಪಾಸು. ಊರಿನ 2 ಕಿಲೋವ್ಯಾಟ್ ಗೀಸರ್ ಎರಡೂವರೆ ಸೇರಿಸಿದಷ್ಟು. ಆ ಶಾಖವನ್ನೆಲ್ಲ ಹೊತ್ತುಕೊಂಡು ಹೋಗಬೇಕಾದ್ದು ಗಾಳಿ. ಜಾಲರಿ ಕಟ್ಟಿಕೊಂಡರೆ ಗಾಳಿ ಓಡಾಡಲ್ಲ, ಶಾಖ ಹೀಟರ್ ಸುತ್ತಲೇ ನಿಂತುಬಿಡುತ್ತೆ. ಥರ್ಮೋಸ್ಟಾಟ್ ಪದೇ ಪದೇ ಹೀಟರ್ ಆಫ್ ಮಾಡುತ್ತೆ. ಬಟ್ಟೆ ಒಣಗಲ್ಲ. "ಇವತ್ತು ಯಾಕೋ ಹಸಿ ಹಸಿ ಇದೆ" ಅಂದುಕೊಂಡು ನಾವು ಇನ್ನೊಂದು ಸಲ ಸ್ಟಾರ್ಟ್ ಒತ್ತುತ್ತೀವಿ. ಶಾಖ ಇನ್ನೂ ಏರಿದರೆ ಥರ್ಮಲ್ ಫ್ಯೂಸ್ ಸುಟ್ಟುಹೋಗುತ್ತೆ. ಅದು ಒಂದೇ ಸಲಕ್ಕೆ, ಹೋದರೆ ಹೊಸದೇ ಹಾಕಬೇಕು.

ಇನ್ನೊಂದು ವಿಷಯ, ಜಾಲರಿ ಎಲ್ಲವನ್ನೂ ಹಿಡಿಯಲ್ಲ. ತಪ್ಪಿಸಿಕೊಂಡ ಸಣ್ಣ ಎಳೆ ಡಕ್ಟ್ ಒಳಗೆ, ಮಷಿನ್ ತಳದಲ್ಲಿ, ಹೀಟರ್ ಹತ್ತಿರ ಸೇರಿಕೊಳ್ಳುತ್ತೆ. ದೇವರ ಮನೆಯ ಒಣ ಹೂಬತ್ತಿಗೆ ಕಡ್ಡಿ ತಾಗಿಸಿದರೆ ಭಗ್ ಅನ್ನುತ್ತಲ್ಲ, ಲಿಂಟ್ ಅದರಣ್ಣ. ಇಲ್ಲಿ ಕ್ಯಾಂಪಿಂಗ್ ಹೋಗೋರು ಸೌದೆಗೆ ಬೆಂಕಿ ಹಚ್ಚೋಕೆ ಅಂತಲೇ ಲಿಂಟ್ ಕೂಡಿಟ್ಟುಕೊಂಡು ಹೋಗ್ತಾರೆ. ಅಷ್ಟು ಚೆನ್ನಾಗಿ ಹತ್ತಿಕೊಳ್ಳೋ ವಸ್ತು ಅದು.

4/10

ಹೆದರಿಸೋಕೆ ಹೇಳ್ತಿಲ್ಲ, ಲೆಕ್ಕ ಗೊತ್ತಿರಲಿ ಅಂತ ಹೇಳ್ತಿದೀನಿ.

ಯು.ಎಸ್. ಫೈರ್ ಅಡ್ಮಿನಿಸ್ಟ್ರೇಷನ್ ಇಲ್ಲಿನ ಸರ್ಕಾರದ್ದೇ ಸಂಸ್ಥೆ. 2008ರಿಂದ 2010ರವರೆಗಿನ ಅದರ ವರದಿ ಪ್ರಕಾರ ಅಮೆರಿಕದ ಮನೆಗಳಲ್ಲಿ ಡ್ರೈಯರ್‌ನಿಂದ ವರ್ಷಕ್ಕೆ ಅಂದಾಜು 2,900 ಬೆಂಕಿ ಅನಾಹುತ. ವರ್ಷಕ್ಕೆ ಸುಮಾರು 5 ಸಾವು, 100 ಜನಕ್ಕೆ ಗಾಯ, 3.5 ಕೋಟಿ ಡಾಲರ್ ನಷ್ಟ. ಕಾರಣಗಳ ಪಟ್ಟಿಯಲ್ಲಿ ಮೊದಲನೇದು ಮಷಿನ್ ಕೆಟ್ಟಿದ್ದಲ್ಲ. ಕ್ಲೀನ್ ಮಾಡದೇ ಬಿಟ್ಟಿದ್ದು. ಶೇಕಡಾ 34. ತಿಂಗಳ ಲೆಕ್ಕದಲ್ಲಿ ಹೆಚ್ಚು ಜನವರಿಯಲ್ಲಿ, ಅಂದರೆ ನಾವೆಲ್ಲ ಸ್ವೆಟರ್, ಫ್ಲೀಸ್, ದಪ್ಪ ಹೊದಿಕೆ ಅಂತ ಮಷಿನ್ ತುಂಬಿಸೋ ತಿಂಗಳು.

ಅಮೆರಿಕದಷ್ಟು ದೊಡ್ಡ ದೇಶಕ್ಕೆ 5 ಸಾವು ಕಮ್ಮಿ ಅನ್ನಿಸಬಹುದು. ಆದರೆ ನಿಮ್ಮ ಬಾಡಿಗೆ ಮನೆಯ ಗೋಡೆ ಒಮ್ಮೆ ತಟ್ಟಿ ನೋಡಿ. ಟೊಳ್ಳು ಶಬ್ದ ಬರುತ್ತೆ. ಊರಿನ ಇಟ್ಟಿಗೆ, ಕಾಂಕ್ರೀಟ್ ಗೋಡೆ ಅಲ್ಲ ಇದು. ಇಲ್ಲಿನ ತುಂಬಾ ಅಪಾರ್ಟ್‌ಮೆಂಟ್‌ಗಳು ಮರದ ಚೌಕಟ್ಟಿಗೆ ಹಲಗೆ ಬಡಿದು ಕಟ್ಟಿದಂಥವು. ಮೇಲಿನ ಮನೆಯಲ್ಲಿ ಯಾರದ್ದೋ ಕೂಸು ಮಲಗಿರುತ್ತೆ. ನಮ್ಮ ಲಿಂಟ್ ನಮ್ಮ ಮನೆಯಲ್ಲೇ ಮುಗಿಯೋ ವಿಷಯ ಅಲ್ಲ.

ಎಲ್ಲ ತಪ್ಪೂ ಬಳಸೋರದ್ದೇ ಅಂತಲೂ ನಾನು ಹೇಳಲ್ಲ. ಬ್ರಿಟನ್ನಿನಲ್ಲಿ 2015ರಲ್ಲಿ ವರ್ಲ್‌ಪೂಲ್ ಕಂಪನಿ, ಹಾಟ್‌ಪಾಯಿಂಟ್, ಇಂಡೆಸಿಟ್ ಮುಂತಾದ ಹೆಸರಿನ ತನ್ನ ಕೆಲವು ಡ್ರೈಯರ್‌ಗಳಲ್ಲಿ ಲಿಂಟ್ ಹೀಟರ್‌ಗೆ ತಾಗಿ ಬೆಂಕಿ ಹತ್ತೋ ಅಪಾಯ ಇದೆ ಅಂತ ತಾನೇ ತಿಳಿಸ್ತು. 2016ರ ಆಗಸ್ಟ್‌ನಲ್ಲಿ ಲಂಡನ್ನಿನ ಶೆಫರ್ಡ್ಸ್ ಬುಷ್‌ನ ಬಹುಮಹಡಿ ಕಟ್ಟಡವೊಂದಕ್ಕೆ ಬೆಂಕಿ ಬಿದ್ದಿದ್ದು ಅಂಥದ್ದೇ ಒಂದು ಡ್ರೈಯರ್‌ನಿಂದ. ಮಿಕ್ಕಿದ್ದ ಮಷಿನ್‌ಗಳನ್ನ ವಾಪಸ್ ಕರೆಸಿಕೊಳ್ಳೋ ಕೆಲಸ ಶುರುವಾಗಿದ್ದು 2019ರಲ್ಲಿ. ಹಾಗಾಗಿ ಬಾಗಿಲ ಒಳಗಿನ ಸ್ಟಿಕ್ಕರ್‌ನಲ್ಲಿರೋ ಮಾಡೆಲ್ ನಂಬರ್ ಹಾಕಿ ರೀಕಾಲ್ ಇದೆಯಾ ಅಂತ ಒಂದು ಸಲ ಹುಡುಕಿ. ಕಂಪನಿಯ ಪಾಲು ಕಂಪನಿಗೆ, ನಮ್ಮ ಪಾಲು ನಮಗೆ.

5/10

ಈಗ ಪಾಳಿ ವಿಷಯಕ್ಕೆ ಬರೋಣ.

ನಮ್ಮ ಮನೆಯಲ್ಲಿ 4 ಜನ. ಫ್ರಿಜ್ ಮೇಲೆ ಮ್ಯಾಗ್ನೆಟ್ ಹಾಕಿ ಒಂದು ಪಟ್ಟಿ ಅಂಟಿಸಿದ್ರು. ಅಡುಗೆ, ಪಾತ್ರೆ, ಕಸ, ಬಾತ್‌ರೂಮ್, ಕೊನೆಯ ಸಾಲಿನಲ್ಲಿ ಲಿಂಟ್. ವಾರಕ್ಕೊಬ್ಬರು, ಬುಧವಾರ. ನೋಡೋಕೆ ಎಷ್ಟು ನ್ಯಾಯವಾಗಿತ್ತು ಅಂದರೆ ಯಾರೂ ಪ್ರಶ್ನೆ ಕೇಳಲಿಲ್ಲ.

ಲೆಕ್ಕ ಹಾಕಿ. ಒಬ್ಬೊಬ್ಬರು ವಾರಕ್ಕೆ 2 ಲೋಡ್ ಅಂದರೂ 8 ಲೋಡ್. ವಾರಕ್ಕೊಂದು ಸಲ ಕ್ಲೀನ್ ಮಾಡಿದರೆ ಮೊದಲ ಲೋಡ್ ಮಾತ್ರ ಶುಭ್ರ ಜಾಲರಿಯಲ್ಲಿ ಓಡುತ್ತೆ. ಮಿಕ್ಕ 7 ಲೋಡ್ ಬೇರೆಯವರ ಜುಂಗಿನ ಮೇಲೆ. ಬುಧವಾರದವರು ತಮ್ಮ ಕೆಲಸ ಚಾಚೂ ತಪ್ಪದೆ ಮಾಡಿದರೂ ಫಲಿತಾಂಶ ಇದೇ. ತಪ್ಪು ಮನುಷ್ಯರದ್ದಲ್ಲ, ಪಟ್ಟಿಯದ್ದು. ಪಾತ್ರೆ ಸಿಂಕಿನಲ್ಲಿ ರಾತ್ರಿವರೆಗೂ ಕಾಯುತ್ತೆ, ಕಸದ ಡಬ್ಬಿ ನಾಳೆವರೆಗೂ ಕಾಯುತ್ತೆ. ಲಿಂಟ್ ಕಾಯಲ್ಲ, ಪ್ರತಿ ಲೋಡ್‌ಗೂ ಹೊಸದಾಗಿ ಹುಟ್ಟುತ್ತೆ.

ಎರಡನೇ ತೊಂದರೆ ಇನ್ನೂ ಸೂಕ್ಷ್ಮ. ಈ ಕೆಲಸ ಮಾಡಿದರೆ ಯಾರಿಗೂ ಕಾಣಲ್ಲ. ತೊಳೆದ ಪಾತ್ರೆ ಹೊಳೆಯುತ್ತೆ, ಗುಡಿಸಿದ ನೆಲ ಗೊತ್ತಾಗುತ್ತೆ. ಕ್ಲೀನ್ ಜಾಲರಿ ಮಷಿನ್ ಒಳಗಿರುತ್ತೆ. ಹಾಗಾಗಿ ಮೂರನೇ ವಾರಕ್ಕೆ ಪಟ್ಟಿ ಮರೆತುಹೋಗಿ, ಯಾರಿಗೆ ಕಣ್ಣಿಗೆ ಚುಚ್ಚುತ್ತೋ ಅವರೇ ಸುಮ್ಮನೆ ಮಾಡೋಕೆ ಶುರು ಮಾಡ್ತಾರೆ. ನಮ್ಮ ಮನೆಯಲ್ಲೂ ಒಬ್ಬನೇ ಮಾಡ್ತಿದ್ದ. ಉಳಿದವರು "ಅವನಿಗೆ ಕ್ಲೀನಿಂಗ್ ಹುಚ್ಚು" ಅಂತ ನಗ್ತಿದ್ರು. ಮಿಡ್‌ಟರ್ಮ್ ವಾರದಲ್ಲಿ ಅವನು ಸಿಡಿದಾಗ ಲಿಂಟ್‌ಗೆ ಇಷ್ಟು ಕೋಪಾನಾ ಅಂತ ಆಶ್ಚರ್ಯ ಬೇರೆ. ಅವನ ಕೋಪ ಲಿಂಟ್ ಮೇಲಲ್ಲ, ತನ್ನ ಕೆಲಸಕ್ಕೆ ಲೆಕ್ಕವೇ ಇಲ್ಲ ಅನ್ನೋದರ ಮೇಲೆ.

ಮದುವೆಯಾಗಿ ಇಲ್ಲಿಗೆ ಬಂದಿರೋ ಸೀನಿಯರ್‌ಗಳ ಮನೆಗಳಲ್ಲೂ ನೋಡಿದೀನಿ. ಬಟ್ಟೆ ಇಬ್ಬರದ್ದು, ಜಾಲರಿ ಒಬ್ಬರದ್ದು. ಯಾರದ್ದು ಅಂತ ಹೇಳೋ ಅಗತ್ಯ ಇಲ್ಲ ಅಲ್ವಾ?

6/10

ಇದಕ್ಕೆ ಪರಿಹಾರ ನಮ್ಮ ಮನೆಗಳಲ್ಲೇ ಇದೆ.

ಹಾಲಿನ ಪಾತ್ರೆ ನೆನಪಿದೆಯಾ? ಕೊನೆಯ ಹಾಲು ಬಗ್ಗಿಸಿಕೊಂಡವರೇ ಅದಕ್ಕೆ ನೀರು ಹಾಕಿ ಇಡಬೇಕು. ಇದು ಯಾವ ಪಟ್ಟಿಯಲ್ಲೂ ಇರಲ್ಲ. ಪಾತ್ರೆ ತೊಳೆಯೋ ಸರದಿ ಯಾರದ್ದೇ ಇರಲಿ, ನೀರು ಹಾಕೋದು ಮಾತ್ರ ಖಾಲಿ ಮಾಡಿದವರ ಕೆಲಸ. ಯಾಕೆಂದರೆ ಆ ಕ್ಷಣಕ್ಕೆ ಎರಡು ಸೆಕೆಂಡ್ ಸಾಕು, ಬಿಟ್ಟರೆ ಕೆನೆ ಒಣಗಿ ಹತ್ತು ನಿಮಿಷ ಉಜ್ಜಬೇಕು. ಹಾಕದೇ ಹೋದರೆ "ಯಾರೋ ಅದು ಹಾಲು ಕುಡಿದವರು?" ಅಂತ ಅಡುಗೆಮನೆಯಿಂದ ಕೂಗು ಬಂದೇ ಬರುತ್ತೆ.

ಲಿಂಟ್ ಇದೇ ಜಾತಿಯ ಕೆಲಸ. ಹಾಗಾಗಿ ನನ್ನ ನಿಯಮ ಒಂದೇ ಸಾಲಿನದ್ದು:

ತೆಗೆದವರು ತೆಗೀಬೇಕು, ಹಾಕೋರು ನೋಡಬೇಕು.

ಬಟ್ಟೆ ತೆಗೆದವರು ಜೊತೆಗೆ ಲಿಂಟನ್ನೂ ತೆಗೀಬೇಕು. ಮುಂದೆ ಬಟ್ಟೆ ಹಾಕೋರು ಸ್ಟಾರ್ಟ್ ಒತ್ತೋ ಮುಂಚೆ ಜಾಲರಿ ಒಮ್ಮೆ ಎತ್ತಿ ನೋಡಬೇಕು. ಖಾಲಿ ಇದ್ದರೆ ಸಂತೋಷ. ಇಲ್ಲದಿದ್ದರೆ ಬೈಕೊಂಡಾದರೂ ತೆಗೆದು, ಆಮೇಲೆ ಸ್ಟಾರ್ಟ್. ಹಿಂದಿನವರು ಮರೆತಿದ್ದಕ್ಕೆ ಪಾಠ ಕಲಿಸೋಕೆ ಅಂತ ಹಾಗೇ ಓಡಿಸಬೇಡಿ. ಒಳಗೆ ಸಿಕ್ಕಿಹಾಕಿಕೊಳ್ಳೋದು ನಿಮ್ಮದೇ ಬಟ್ಟೆ.

"ಎರಡು ಸಲ ಯಾಕೆ ನೋಡಬೇಕು?" ಅಂತ ನಮ್ಮ ಮನೆಯಲ್ಲೂ ಕೇಳಿದ್ರು. ಯಾಕೆಂದರೆ ಮನುಷ್ಯರು ಮರೀತಾರೆ. ಒಂದು ಕಡೆ ಮರೆತರೆ ಇನ್ನೊಂದು ಕಡೆ ಸಿಕ್ಕಿಬೀಳಬೇಕು. ರಾತ್ರಿ ಗ್ಯಾಸ್ ಸಿಲಿಂಡರ್‌ನ ರೆಗ್ಯುಲೇಟರ್ ಅಪ್ಪ ಆಫ್ ಮಾಡಿರ್ತಾರೆ, ಆದರೂ ಅಮ್ಮ ಮಲಗೋ ಮುಂಚೆ ಒಮ್ಮೆ ಮುಟ್ಟಿ ನೋಡ್ತಾರೆ. ಅದನ್ನ ಯಾರೂ ಡಬಲ್ ಕೆಲಸ ಅನ್ನಲ್ಲ.

ಇದರಲ್ಲಿ ಇನ್ನೊಂದು ಲಾಭ ಇದೆ. ಯಾರ ಬಟ್ಟೆ, ಯಾರ ಲಿಂಟ್ ಅನ್ನೋದು ನೇರ ಆಯ್ತು. ಬೇರೆಯವರ ಕೂದಲು ಕಿತ್ತು ತೆಗೆಯೋ ಅಸಹ್ಯ ಇಲ್ಲ, ಸಾಲ ಇಲ್ಲ, ಮನಸ್ತಾಪ ಇಲ್ಲ.

7/10

ಹೇಗೆ ಮಾಡೋದು? ಸೇವ್ ಮಾಡಿಟ್ಟುಕೊಳ್ಳಿ.

✅ ಪ್ರತಿ ಲೋಡ್ ಆದ ಮೇಲೆ: ಜಾಲರಿ ಎಲ್ಲಿದೆ ಹುಡುಕಿ. ಕೆಲವು ಮಷಿನ್‌ಗಳಲ್ಲಿ ಬಾಗಿಲ ಬಾಯಿಯಲ್ಲೇ ಕೆಳಗೆ, ಕೆಲವದರಲ್ಲಿ ಮೇಲ್ಭಾಗದಲ್ಲಿ ಹಿಡಿ ಇರುತ್ತೆ. ನೇರ ಮೇಲಕ್ಕೆ ಎಳೆಯಿರಿ. ಕೆಲವು ಜಾಲರಿ ಪುಸ್ತಕದ ಥರ ಬಿಚ್ಚಿಕೊಳ್ಳುತ್ತೆ, ಬಿಚ್ಚಿ ಒಳಗೂ ನೋಡಿ. ಒಂದು ಅಂಚಿನಿಂದ ಬೆರಳಲ್ಲಿ ಉರುಳಿಸುತ್ತಾ ಬಂದರೆ ಇಡೀ ಪದರ ದೋಸೆ ಎದ್ದ ಹಾಗೆ ಎದ್ದು ಬರುತ್ತೆ. ಒಣ ಕೈಯಲ್ಲಿ ಮಾಡಿ. ಚಾಕು, ಸ್ಕ್ರೂಡ್ರೈವರ್ ಬೇಡ, ಜಾಲರಿ ಹರಿಯುತ್ತೆ. ಲಿಂಟನ್ನ ಕಸದ ಡಬ್ಬಿಗೆ ಹಾಕಿ, ಸಿಂಕಿಗೋ ಕಮೋಡಿಗೋ ಹಾಕಿದರೆ ಪೈಪ್ ಕಟ್ಟಿಕೊಳ್ಳುತ್ತೆ.

✅ ತಿಂಗಳಿಗೊಮ್ಮೆ: ನಲ್ಲಿಯ ಕೆಳಗೆ ಜಾಲರಿ ಹಿಡಿದು ನೀರು ಬಿಡಿ. ನೀರು ಸಲೀಸಾಗಿ ಇಳಿದರೆ ಸರಿ. ಮೇಲೇ ನಿಂತರೆ ಕಣ್ಣಿಗೆ ಕಾಣದ ಪದರ ಕೂತಿದೆ ಅಂತ ಅರ್ಥ. ಬಟ್ಟೆ ಘಮ್ ಅನ್ನಲಿ ಅಂತ ಹಾಕೋ ಡ್ರೈಯರ್ ಶೀಟ್‌ಗಳ ಮೇಣದಂಥ ಅಂಶ ಹೀಗೆ ಕೂರುತ್ತೆ. ಬಿಸಿನೀರು, ಪಾತ್ರೆ ತೊಳೆಯೋ ಸೋಪು, ಹಳೇ ಟೂತ್‌ಬ್ರಷ್. ಮೆಲ್ಲಗೆ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಿ.

✅ ಎರಡು ಮೂರು ತಿಂಗಳಿಗೊಮ್ಮೆ: ಜಾಲರಿ ಕೂರೋ ಸಂದಿಯೊಳಗೆ ಟಾರ್ಚ್ ಬಿಟ್ಟು ನೋಡಿ. ವ್ಯಾಕ್ಯೂಮ್ ಕ್ಲೀನರ್‌ನ ಚಪ್ಪಟೆ ಮೂತಿಯಿಂದ ಅಲ್ಲಿರೋದನ್ನ ಎಳೆಯಿರಿ. ಮೊದಲು ಪ್ಲಗ್ ತೆಗೀರಿ.

❌ ಜಾಲರಿ ಹರಿದಿದ್ದರೆ ಹೊಸದು ತರಿಸಿ. "ಒಂದು ಸಲ ತಾನೇ" ಅಂತ ಜಾಲರಿ ಇಲ್ಲದೇ ಓಡಿಸಬೇಡಿ. ಸಿಂಗಲ್ ಲೋಡ್ ಆದರೂ ಎಲ್ಲ ಎಳೆಯೂ ನೇರ ಡಕ್ಟ್‌ಗೆ.

ಹೊಸ ಟವೆಲ್, ಫ್ಲೀಸ್ ಹೊದಿಕೆ, ದಪ್ಪ ಹತ್ತಿ ಬಟ್ಟೆ ಒಣಗಿಸಿದಾಗ ಲಿಂಟ್ ಜಾಸ್ತಿ. ಊರಿಂದ ತಂದ ಹೊಸ ಟರ್ಕಿ ಟವೆಲ್‌ನ ಮೊದಲ ನಾಲ್ಕು ಲೋಡ್ ನೋಡಿ, ಟವೆಲ್ ಉಳಿದಿರೋದೇ ಆಶ್ಚರ್ಯ ಅನ್ನಿಸುತ್ತೆ 😅

8/10

ಜಾಲರಿ ನಮ್ಮದು. ಅದರ ಹಿಂದಿನ ಡಕ್ಟ್ ಯಾರದ್ದು?

ಬಾಡಿಗೆ ಮನೆಯಲ್ಲಿ ಗೋಡೆಯೊಳಗಿನ ಡಕ್ಟ್ ಮಾಲೀಕರದ್ದು. ಅದನ್ನ ಕ್ಲೀನ್ ಮಾಡಿಸೋದು ಸಾಮಾನ್ಯವಾಗಿ ಅವರ ಕೆಲಸ, ನಿಮ್ಮ ಲೀಸ್ ಏನು ಹೇಳುತ್ತೆ ಓದಿ. ಆದರೆ ಅವರಾಗಿ ಬರ್ತಾರೆ ಅಂತ ಕಾಯ್ತಾ ಕೂತರೆ ನಿಮ್ಮ ಡಿಗ್ರಿ ಮುಗಿಯುತ್ತೆ. ನಮ್ಮ ಕಡೆ ಮೂರು ಸಲ ಫೋನ್ ಮಾಡಿದಾಗ "ನೋಟ್ ಮಾಡ್ಕೊಂಡಿದೀವಿ" ಅಂತ ಮೂರು ಸಲ ಉತ್ತರ ಬಂತು. ಬರವಣಿಗೆಯಲ್ಲಿ ಕೇಳಿದ ಮೇಲೆ ಒಂದೇ ವಾರಕ್ಕೆ ಮನುಷ್ಯ ಬಂದ. ಹಾಗಾಗಿ ಫೋನ್ ಬಿಟ್ಟು ಮೇಲ್ ಮಾಡಿ.

ಮೇಲ್‌ನಲ್ಲಿ ಮೂರು ವಿಷಯ ಸಾಕು. ಒಂದು, ಏನು ಕಾಣ್ತಿದೆ: ಬಟ್ಟೆ ಒಣಗೋಕೆ ಎರಡು ಸುತ್ತು ಬೇಕಾಗ್ತಿದೆ, ಮಷಿನ್ ಮೇಲ್ಭಾಗ ಕೈ ಇಡೋಕಾಗದಷ್ಟು ಬಿಸಿ, ಸುಟ್ಟ ವಾಸನೆ, ಇದರಲ್ಲಿ ಯಾವುದಿದೆಯೋ ಅದು. ಎರಡು, ಜಾಲರಿ ಪ್ರತಿ ಲೋಡ್‌ಗೂ ಕ್ಲೀನ್ ಮಾಡ್ತಿದೀವಿ, ಇದು ಫೋಟೋ. ಮೂರು, ಡಕ್ಟ್ ಯಾವಾಗ ಕ್ಲೀನ್ ಆಗಿದೆ, ಮತ್ತೆ ಯಾವಾಗ ಮಾಡಿಸ್ತೀರಿ. ಎರಡನೇ ಸಾಲು ಬರೆಯೋ ಧೈರ್ಯ ಬರಬೇಕಾದರೆ ಮೊದಲು ನಮ್ಮ ಪಾಲು ಮಾಡಿರಬೇಕು. ಪಾಳಿ ಪಟ್ಟಿ ನಂಬಿ ಕೂತ ಮನೆಯವರು ಈ ಸಾಲು ಬರೆಯೋಕಾಗಲ್ಲ.

ನೀವೇ ನೋಡಬಹುದಾದ್ದು: ಡ್ರೈಯರ್ ಓಡ್ತಿರುವಾಗ ಹೊರಗಡೆ ಹೋಗಿ ಗೋಡೆಯ ಮೇಲಿನ ಮುಚ್ಚಳ ನೋಡಿ. ತೆರೆದುಕೊಂಡು ಬೆಚ್ಚನೆ ಗಾಳಿ ಜೋರಾಗಿ ಬರಬೇಕು. ಮಷಿನ್ ಹಿಂದಿನ ಪೈಪ್ ಗೋಡೆಗೆ ಒತ್ತಿ ಅಪ್ಪಚ್ಚಿ ಆಗಿದೆಯಾ ನೋಡಿ. ಅದು ಬಿಳಿ ಪ್ಲಾಸ್ಟಿಕ್‌ನದ್ದಾಗಿದ್ದರೆ ಲೋಹದ್ದು ಹಾಕಿಸಿ ಅಂತ ಕೇಳಿ. ಇಲ್ಲಿನ ತುಂಬಾ ರಾಜ್ಯಗಳು ಆಧಾರವಾಗಿ ಇಟ್ಟುಕೊಂಡಿರೋ ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ ಪ್ರಕಾರ ಡಕ್ಟ್ ಒಳಗೆ ನುಣುಪಾದ ಲೋಹದ್ದಿರಬೇಕು, 4 ಇಂಚು ವ್ಯಾಸ, ಉದ್ದ ಸಾಮಾನ್ಯವಾಗಿ 35 ಅಡಿ ಮೀರಬಾರದು, ಪ್ರತಿ ನೇರ ಮೊಳಕೈ ತಿರುವಿಗೆ ಅದರಲ್ಲಿ 5 ಅಡಿ ಕಳೀಬೇಕು. ಹೊರಗಿನ ಬಾಯಿಗೆ ಜಾಲರಿ ಹಾಕೋ ಹಾಗಿಲ್ಲ, ಲಿಂಟ್ ಅಲ್ಲೇ ಕಟ್ಟಿಕೊಳ್ಳುತ್ತೆ. ಹಕ್ಕಿ ಗೂಡು ಕಟ್ಟುತ್ತೆ ಅಂತ ಯಾರಾದರೂ ಸೊಳ್ಳೆ ಪರದೆ ತುಂಡು ಬಿಗಿದಿದ್ದರೆ ತಿಳಿಸಿ.

9/10

ನಮ್ಮ ಮನೆಗಳಿಗೇ ವಿಶೇಷವಾದ ಒಂದು ಎಚ್ಚರಿಕೆ: ಎಣ್ಣೆ.

ಪೂರಿ ಕರಿದ ದಿನ ಸ್ಟೌ ಒರೆಸಿದ ಬಟ್ಟೆ, ಒಗ್ಗರಣೆ ಎಣ್ಣೆ ಚೆಲ್ಲಿದಾಗ ಹಾಕಿದ ಹಳೇ ಟೀ ಶರ್ಟ್, ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದ ಟವೆಲ್. ಒಗೆದ ಮೇಲೂ ಎಣ್ಣೆ ಪೂರ್ತಿ ಹೋಗಿರಲ್ಲ. ಅಡುಗೆ ಎಣ್ಣೆ ಉಳಿದ ಬಟ್ಟೆ ಬಿಸಿಯಾಗಿ ಮುದ್ದೆಯಾಗಿ ಕೂತರೆ ಗಾಳಿಯ ಆಮ್ಲಜನಕದ ಜೊತೆ ಸೇರಿ ತಾನಾಗೇ ಇನ್ನೂ ಬಿಸಿಯಾಗ್ತಾ ಹೋಗುತ್ತೆ, ಕೊನೆಗೆ ಹತ್ತಿಕೊಳ್ಳಲೂಬಹುದು, ಅದೂ ಮಷಿನ್ ನಿಂತ ಮೇಲೆ. ಅದಕ್ಕೇ ಡ್ರೈಯರ್ ಮ್ಯಾನುವಲ್‌ಗಳಲ್ಲಿ ಅಡುಗೆ ಎಣ್ಣೆ ಬಟ್ಟೆ ಹಾಕಬೇಡಿ ಅಂತ ಇರುತ್ತೆ. ಇಂಥವು ಸ್ಟ್ಯಾಂಡ್ ಮೇಲೆ ಒಣಗಲಿ. ಕೊನೆಯ ಕೂಲ್ ಡೌನ್ ಹಂತ ಮುಗಿಯೋ ಮುಂಚೆ ನಿಲ್ಲಿಸಬೇಡಿ, ನಿಲ್ಲಿಸಲೇಬೇಕಾದರೆ ಬಟ್ಟೆಯನ್ನ ತಕ್ಷಣ ತೆಗೆದು ಹರವಿ.

ಮಲಗೋವಾಗ, ಮನೆ ಬಿಟ್ಟು ಹೋಗೋವಾಗ ಡ್ರೈಯರ್ ಓಡಿಸಬೇಡಿ. ಹೊಗೆ ಕಂಡರೆ ಬಾಗಿಲು ತೆರೆದು ನೋಡೋಕೆ ಹೋಗಬೇಡಿ, ಗಾಳಿ ಸಿಕ್ಕಿ ಉರಿ ಏರುತ್ತೆ. ಎಲ್ಲರನ್ನೂ ಎಬ್ಬಿಸಿ ಹೊರಗೆ ಬಂದು 911ಕ್ಕೆ ಫೋನ್ ಮಾಡಿ. ಲ್ಯಾಪ್‌ಟಾಪ್, ಪಾಸ್‌ಪೋರ್ಟ್ ಅಂತ ಒಳಗೆ ಓಡಬೇಡಿ. ಗ್ಯಾಸ್ ಡ್ರೈಯರ್ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೆಲಸ ಮಾಡ್ತಿದೆಯಾ ನೋಡಿ. ಡಕ್ಟ್ ಕಟ್ಟಿದರೆ ಆ ವಿಷಾನಿಲ ಮನೆಯೊಳಗೇ ತಿರುಗಿ ಬರಬಹುದು, ಅದಕ್ಕೆ ವಾಸನೆ ಇಲ್ಲ.

ಜರ್ಮನಿ, ಬ್ರಿಟನ್ ಕಡೆ ಹೋಗಿರೋ ನಮ್ಮವರೇ, ನಿಮ್ಮಲ್ಲಿ ತುಂಬಾ ಮನೆಗಳಲ್ಲಿ ಇರೋದು ಹೊರಗೆ ಡಕ್ಟ್ ಇಲ್ಲದ ಕಂಡೆನ್ಸರ್ ಅಥವಾ ಹೀಟ್ ಪಂಪ್ ಡ್ರೈಯರ್. ಡಕ್ಟ್ ಇಲ್ಲ ಅಂತ ಲಿಂಟ್ ಇಲ್ಲ ಅಂತಲ್ಲ. ಫಿಲ್ಟರ್ ಪ್ರತಿ ಸಲ, ನೀರಿನ ಡಬ್ಬಿ ಪ್ರತಿ ಸಲ, ಕಂಡೆನ್ಸರ್ ಭಾಗ ಮ್ಯಾನುವಲ್ ಹೇಳಿದ ಹಾಗೆ.

ಕಾಯಿನ್ ಲಾಂಡ್ರಿ ಬಳಸೋರಿಗೂ ಅದೇ ಮಾತು. ಬಟ್ಟೆ ಹಾಕೋ ಮುಂಚೆ ಜಾಲರಿ ನೋಡಿ, ಇಲ್ಲದಿದ್ದರೆ ಬೇರೆಯವರ ಲಿಂಟ್‌ಗೆ ನಿಮ್ಮ ಕ್ವಾರ್ಟರ್‌ಗಳು ಹೋಗುತ್ತೆ.

10/10

ಕೊನೆಗೆ, ನನ್ನ ಜೊತೆ ವಾದ ಮಾಡಿದವರ ಮಾತು.

"ಮಷಿನ್‌ನಲ್ಲಿ ಸೆನ್ಸರ್ ಇದೆ, ಲೈಟ್ ಬಂದಾಗ ಕ್ಲೀನ್ ಮಾಡಿದರಾಯ್ತು." ಆ ಲೈಟ್ ಕೆಲವು ಮಷಿನ್‌ಗಳಲ್ಲಿ ಬರೀ ಜ್ಞಾಪಕಕ್ಕೆ ಉರಿಯುತ್ತೆ, ಜಾಲರಿ ಎಷ್ಟು ತುಂಬಿದೆ ಅಂತ ಅಳೆಯಲ್ಲ. ಕಣ್ಣಿಗಿಂತ ದೊಡ್ಡ ಸೆನ್ಸರ್ ಬೇಕಾ?

"ಡ್ರೈಯರೇ ಬೇಡ, ರೂಮಲ್ಲಿ ಸ್ಟ್ಯಾಂಡ್ ಹಾಕ್ಕೊಂಡರಾಯ್ತು." ಇದು ನಿಜಕ್ಕೂ ಒಳ್ಳೇ ಮಾತು. ಶರ್ಟು, ಕುರ್ತಾ, ಜೀನ್ಸ್‌ಗೆ ನಾನೂ ಹಾಗೇ ಮಾಡ್ತೀನಿ. ಚಳಿಗಾಲದಲ್ಲಿ ಹೀಟಿಂಗ್‌ನಿಂದ ಒಣಗಿದ ರೂಮಿಗೆ ಸ್ವಲ್ಪ ತೇವವೂ ಸಿಗುತ್ತೆ. ಆದರೆ ಒಂದು ಕೋಣೆಯಲ್ಲಿ ಇಬ್ಬರು, ಎರಡು ಬೆಡ್‌ಶೀಟ್, ನಾಲ್ಕು ಟವೆಲ್ ಅಂದಾಗ ಡ್ರೈಯರ್ ಬೇಕೇ ಬೇಕು. ಬಳಸೋದು ಕಮ್ಮಿಯಾಗಲಿ, ಬಳಸಿದಾಗ ಸರಿಯಾಗಿ ಬಳಸೋಣ.

"ಪಾಳಿ ಇಲ್ಲದಿದ್ದರೆ ಯಾರೂ ಮಾಡಲ್ಲ." ಇದು ಗಟ್ಟಿ ಆಕ್ಷೇಪ. ಪಟ್ಟಿ ಬೇಕಾದ ಕೆಲಸಗಳಿವೆ, ನಾನು ಒಪ್ತೀನಿ: ತಿಂಗಳಿಗೊಮ್ಮೆ ಜಾಲರಿ ತೊಳೆಯೋದು, ಸಂದಿ ವ್ಯಾಕ್ಯೂಮ್ ಮಾಡೋದು, ಮಾಲೀಕರಿಗೆ ಮೇಲ್ ಹಾಕೋದು. ಇವು ಎಲ್ಲರ ಪಾಲಿನವು, ಸರದಿ ಹಾಕಿ. ಆದರೆ ಲೋಡ್ ಲೋಡ್‌ಗೂ ಬರೋ ಲಿಂಟ್ ನಿಮ್ಮ ಬಟ್ಟೆಯಿಂದ ಬಂದದ್ದು. ತಟ್ಟೆಯಲ್ಲಿ ಬಿಟ್ಟ ಕರಿಬೇವನ್ನ ಬೇರೆಯವರು ಎತ್ತಲಿ ಅಂತ ಯಾರೂ ಪಟ್ಟಿ ಮಾಡಲ್ಲ.

ಓದೋಕೆ ಬಂದ ನಮಗೆ ಇದು ಮೊದಲ ಸ್ವಂತ ಮನೆ. ಇಲ್ಲಿ ಅಮ್ಮ ಇಲ್ಲ, ಕೆಲಸದ ಆಂಟಿ ಇಲ್ಲ, ಹಾಸ್ಟೆಲ್ ವಾರ್ಡನ್ ಇಲ್ಲ. ಕಾಣದ ಕೆಲಸಗಳನ್ನ ಇಷ್ಟು ದಿನ ಯಾರೋ ನಮಗಾಗಿ ಮಾಡ್ತಿದ್ದರು ಅನ್ನೋದು ಇಂಥ ಬೂದು ಜುಂಗು ಕೈಗೆ ಬಂದಾಗ ಗೊತ್ತಾಗುತ್ತೆ. ನಾಳೆ ಗ್ರಾಜುಯೇಷನ್‌ಗೆ ಅಂತ ಅಪ್ಪ ಅಮ್ಮ ಬಂದಾಗ "ನೀ ಓದ್ಕೋ ಮಗಾ, ಬಟ್ಟೆ ನಾನು ನೋಡ್ಕೋತೀನಿ" ಅಂತ ಅಮ್ಮ ಲಾಂಡ್ರಿ ಬುಟ್ಟಿ ಎತ್ತಿಕೊಳ್ತಾರೆ. ಆವಾಗಲೂ ನಿಯಮ ಬದಲಾಗಲ್ಲ. ನಿನ್ನ ಬಟ್ಟೆ, ನಿನ್ನ ಜಾಲರಿ.

ಈಗ ಎದ್ದು ಹೋಗಿ ನಿಮ್ಮ ಮನೆಯ ಡ್ರೈಯರ್ ಜಾಲರಿ ಎತ್ತಿ ನೋಡಿ. ಎಷ್ಟು ಬಂತು ಅಂತ ಸ್ಟೋರಿ ಹಾಕಿ ನನ್ನನ್ನ ಟ್ಯಾಗ್ ಮಾಡಿ. ಆಮೇಲೆ ಫ್ರಿಜ್ ಮೇಲಿನ ಪಟ್ಟಿಯಿಂದ ಆ ಒಂದು ಸಾಲು ಹೊಡೆದುಹಾಕಿ, ಡ್ರೈಯರ್ ಬಾಗಿಲ ಮೇಲೆ ಟೇಪ್ ಅಂಟಿಸಿ ಬರೀರಿ: ತೆಗೆದವರು ತೆಗೀಬೇಕು, ಹಾಕೋರು ನೋಡಬೇಕು.

#ಲಿಂಟ್ #ಬಾಡಿಗೆಮನೆ #ಕನ್ನಡಿಗರುಅಮೆರಿಕದಲ್ಲಿ #ಜೂನಿಯರ್‌ಗಳಿಗೆ #ಮನೆಗೆಲಸ